ಚಾಚಾ ಕೊಟ್ಟ ಕಲ್ಲುಗಿಡ

ನಮ್ಮ ಮನೆಯಲ್ಲಿ ಡಿಗ್ರಿ ಎನ್ನುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹರೆಯದಿಂದಲೂ ಚೀಲ ಹೊತ್ತ ಮನುಷ್ಯ. ಕೆಟ್ಟವರಲ್ಲ, ಕಂಡದ್ದನ್ನು ಆಡುವವರು. ನಾನು ಹಾವೇರಿಯ ಕಾಲೇಜಿಗೆ ಬಿ.ಎಸ್ಸಿ. ಸೇರುತ್ತೇನೆಂದ ದಿನ ಅವ್ವನ ಕೈ ಎತ್ತಿ ತೋರಿಸಿ, "ಈ ಬೆರಳು ನೋಡು. ನಿನ್ನವೂ ಹಿಂಗ ಅದಾವು. ತೊಟ್ಟು ಬಿಡಿಸೂ ಕೈಯಾಗ ಪೆನ್ನ ಕೊಟ್ರೂ ಖಾರ ಹೋಗೂದಿಲ್ಲ. ಒಂದ ವರ್ಷ, ಅಷ್ಟ. ನೀನ ಹೊಳ್ಳಿ ಬರ್ತಿ," ಎಂದಿದ್ದರು.

ಅವ್ವನ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿ ವರ್ಷವಿಡೀ ಕೆಂಪು. ಉಗುರಿನ ಸಂದಿಯಲ್ಲಿ ಕೂತ ಆ ಬಣ್ಣ ಸೋಪಿಗೂ ಜಗ್ಗುವುದಿಲ್ಲ, ಹುಣಸೆಹುಳಿಗೂ ಜಗ್ಗುವುದಿಲ್ಲ. ಗೋದಾಮಿನ ನೆರಳಿನಲ್ಲಿ ಕಾಲು ಚಾಚಿ ಕೂತು ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರೆಲ್ಲರಿಗೂ ಅದೇ ಗುರುತು. ರಜೆಯಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ನನಗೂ ಅದು ಸ್ವಲ್ಪ ಹತ್ತಿತ್ತು. ಕಾಲೇಜಿನ ಮೊದಲ ವಾರ ಕೈಯನ್ನು ದುಪಟ್ಟಾದ ಅಂಚಿನಲ್ಲಿ ಬಚ್ಚಿಟ್ಟುಕೊಂಡೇ ಕೂತಿದ್ದೆ.

ಆಗ ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಒಬ್ಬರು ನನ್ನ ಮುಂದೆ ಸೂಕ್ಷ್ಮದರ್ಶಕ ತಂದಿಟ್ಟರು. ಅವರ ಬೆರಳು ನೋಡಿ ಬೆರಗಾದೆ. ಅವೇ ಎರಡು ಬೆರಳು, ಅದೇ ಕೆಂಪು. ಈ ಮನುಷ್ಯನೂ ತೊಟ್ಟು ಬಿಡಿಸುತ್ತಾನೋ ಏನೋ ಎಂದುಕೊಂಡೆ. ಕಣ್ಣು ಎಲ್ಲಿ ನಿಂತಿದೆ ಎಂದು ಅವರಿಗೆ ತಿಳಿಯಿತು. ಬಾಟಲಿಯೊಂದನ್ನು ಎತ್ತಿ ಅಲ್ಲಾಡಿಸಿ, "ಸಫ್ರಾನಿನ್. ಕಾಂಡ ಕೊಯ್ದು ನೋಡೂ ಮುಂದ ಹಚ್ಚೂ ಬಣ್ಣ. ನಿಂದು ಬ್ಯಾಡಗೀದು ಹೌದಿಲ್ಲೊ? ಕೈ ಹೊರಗ ತಗಿ, ಬೇಟಿ. ಇಲ್ಲಿ ಕೆಂಪ ಬೆರಳಿನವರದ ರಾಜ್ಯ," ಎಂದರು.

ಅವರು ಪ್ರಯೋಗಾಲಯದ ಅಟೆಂಡರು. ಗಾಜಿನ ಸಾಮಾನು ತೊಳೆಯುವುದು, ಮಾದರಿಗಳನ್ನು ಜೋಡಿಸಿಡುವುದು, ಅಧ್ಯಾಪಕರಿಗೆ ಚಹಾ ತರುವುದು ಅವರ ಕೆಲಸ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಕುಳ್ಳಗಿನ ಆಳು, ಅಂಗಿಯ ಜೇಬಿನಲ್ಲಿ ಸದಾ ಒಂದು ಡ್ರಾಪರು, ಕಸಬರಿಗೆಯ ನಾಲ್ಕು ಕಡ್ಡಿ. ಆ ಡ್ರಾಪರು, ಆ ಕಡ್ಡಿ ಯಾತಕ್ಕೆ ಎನ್ನುವುದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಪ್ರಯೋಗಾಲಯದ ದಕ್ಷಿಣದ ಕಿಟಕಿಯಲ್ಲಿ, ಗಾಜಿನ ಒಳಗಡೆ, ಅಂಗೈಯಗಲದ ಮಣ್ಣಿನ ಕುಂಡವೊಂದು ಇತ್ತು. ಅದರಲ್ಲಿ ಮರಳು, ಸಣ್ಣ ಹರಳು, ನಡುವೆ ಅಡಕೆಯಷ್ಟು ದಪ್ಪದ ಎರಡು ಕಲ್ಲು. ಬೂದು ಮೈ, ನೆತ್ತಿಯ ಮೇಲೆ ಕಂದು ಗೆರೆ, ನಟ್ಟನಡುವೆ ಬ್ಲೇಡಿನಿಂದ ಸೀಳಿದಂತೆ ಒಂದು ಸಂದು. ಹಳೆಯ ವಿದ್ಯಾರ್ಥಿಯೊಬ್ಬ ಸಂಶೋಧನೆಗೆ ಹೋದ ಊರಿನಿಂದ ತಂದುಕೊಟ್ಟದ್ದಂತೆ. ಕಲ್ಲಲ್ಲ, ಗಿಡ. ಒಂದೊಂದಕ್ಕೂ ಇರುವುದು ಎರಡೇ ಎಲೆ. ಎರಡೂ ದಪ್ಪಗೆ ನೀರು ತುಂಬಿಕೊಂಡು ಅಂಟಿಕೊಂಡಿರುತ್ತವೆ. ಮಳೆ ಕಾಣದ ಮರಳುಗಾಡಿನಲ್ಲಿ ಪ್ರಾಣಿಗಳ ಬಾಯಿಗೆ ಸಿಗಬಾರದೆಂದು ಕಲ್ಲಿನ ವೇಷ ಹಾಕಿಕೊಂಡು ಬದುಕುವ ಜಾತಿ. ಕಾಲೇಜಿನ ತಪಾಸಣೆಗೆ ಬಂದ ಸಮಿತಿಯವರೊಬ್ಬರು ಕುಂಡದಲ್ಲಿ ಕಲ್ಲು ಯಾಕೆ ಇಟ್ಟಿದ್ದೀರಿ ಎಂದು ಕೇಳಿದ್ದರಂತೆ. ಚಾಚಾ ಕೈ ಕಟ್ಟಿ ನಿಂತು, "ಸರ, ಅವು ಉಸಿರಾಡಾಕತ್ತಾವ್ರಿ. ಸ್ವಲ್ಪ ಹಿಂದ ಸರದು ನಿಂದರ್ರಿ, ಬೆಳಕು ತಡಿಯಾಕತ್ತೀರಿ," ಎಂದರಂತೆ. ಈ ಕತೆಯನ್ನು ಪ್ರತಿವರ್ಷ ಹೊಸ ಹುಡುಗರಿಗೆ ಹೇಳುತ್ತಿದ್ದರು. ಪ್ರತಿವರ್ಷ ಸಮಿತಿಯವರ ಹುದ್ದೆ ಒಂದು ಮೆಟ್ಟಿಲು ಏರುತ್ತಿತ್ತು.

ಆ ಗಿಡವನ್ನು ಸಾಕುವ ಬಗೆ ನೋಡಿದರೆ ಸಾಕುವುದೆಂದರೆ ಏನೂ ಮಾಡದೆ ಇರುವುದು ಎನ್ನಿಸುತ್ತಿತ್ತು. ಕಸಬರಿಗೆ ಕಡ್ಡಿಯನ್ನು ಮರಳಿನ ತಳದವರೆಗೆ ಇಳಿಸಿ ಎತ್ತುವರು. ಕಡ್ಡಿಗೆ ಒಂದು ಕಣ ಹಸಿ ಮಣ್ಣು ಅಂಟಿದ್ದರೂ ನೀರಿಲ್ಲ. ಕಡ್ಡಿ ಒಣಗಿ ಬಂದರೂ ಆ ದಿನ ನೀರಿಲ್ಲ, ಇನ್ನೂ ನಾಲ್ಕು ದಿನ ಬಿಟ್ಟು ಕುಂಡದ ಅಂಚಿನಗುಂಟ ಡ್ರಾಪರಿನಿಂದ ಹನಿ ಹನಿ. ಗಿಡದ ನೆತ್ತಿಗೆ ಒಂದು ಹನಿಯೂ ಬೀಳಬಾರದು. ಸಂದಿನಲ್ಲಿ ನೀರು ನಿಂತರೆ ಕೊಳೆತ. ಧೂಳು ಕೂತರೆ ಒಣ ಕುಂಚದಿಂದ ಒರೆಸುವರು. ವಾರಕ್ಕೊಮ್ಮೆ ಕುಂಡವನ್ನು ಸ್ವಲ್ಪ ತಿರುಗಿಸುವರು, ಒಂದೇ ಕಡೆ ಬಾಗಬಾರದೆಂದು. "ಇದಕ್ಕ ಬೇಕಾದದ್ದು ಬೆಳಕು. ನಿಮ್ಮ ಕರುಣಾ ಅಲ್ಲ," ಎನ್ನುವುದು ಅವರ ಮಾತು. ಓದಿನಲ್ಲಿ ಹಿಂದೆ ಬಿದ್ದು ಕಣ್ಣೀರು ಹಾಕುವ ಹುಡುಗಿಯರಿಗೂ ಅದನ್ನೇ ಹೇಳಿ, ಗ್ರಂಥಾಲಯದ ಕಡೆ ಕೈ ತೋರಿಸುತ್ತಿದ್ದರು.

ನನಗೆ ಸಸ್ಯಶಾಸ್ತ್ರ ಹಿಡಿಸಿತು. ರಸಾಯನಶಾಸ್ತ್ರ ನನ್ನನ್ನು ಹಿಡಿದು ಬಡಿಯಿತು. ಕನ್ನಡ ಶಾಲೆಯಿಂದ ಬಂದವಳಿಗೆ ಇಂಗ್ಲಿಷಿನ ಪಾಠ ಬಸ್ಸಿನ ಕಿಟಕಿಯ ಆಚೆಯ ಹೊಲದ ಹಾಗೆ ಸರಿದು ಹೋಗುತ್ತಿತ್ತು.

ಎರಡನೆಯ ವರ್ಷದ ಜನವರಿ. ಪ್ರಯೋಗಾಲಯಕ್ಕೆ ಸುಣ್ಣಬಣ್ಣ ಬಳಿಯುವವರು ಬರುವವರಿದ್ದರು. ಅದೇ ಹೊತ್ತಿಗೆ ಚಾಚಾನ ಕಣ್ಣಿನ ಪೊರೆಯ ಆಪರೇಷನ್. ಅವರ ಮನೆ ಇದ್ದದ್ದು ಇಕ್ಕಟ್ಟಾದ ಓಣಿಯಲ್ಲಿ, ಹಗಲಿನಲ್ಲೂ ದೀಪ ಹಚ್ಚಬೇಕು. ಗಿಡವನ್ನು ಎಲ್ಲಿ ಇಡುವುದು? ಒಂದು ಮಧ್ಯಾಹ್ನ ನನ್ನನ್ನು ಕರೆದು, ನಿಮ್ಮ ಮನೆಯಲ್ಲಿ ಬಿಸಿಲು ಬೀಳುವ ಕಿಟಕಿ ಇದೆಯೇ ಎಂದು ಕೇಳಿದರು. ಇದೆ, ಅದೊಂದೇ ಇದೆ ಎಂದೆ. ಕುಂಡವನ್ನು ಹಳೆಯ ಟಿಫಿನ್ ಡಬ್ಬಿಯಲ್ಲಿಟ್ಟು, ಸುತ್ತ ಹತ್ತಿ ತುರುಕಿ ಕೊಟ್ಟರು. ಕೊಡುವಾಗ ಹೇಳಿದ್ದು ಇಷ್ಟೇ: "ಇನ್ನ ಮೂರು ತಿಂಗಳು ಅವಕ್ಕ ರೋಜಾ, ಉಪವಾಸ. ಒಂದು ಹನಿ ನೀರಿಲ್ಲ. ಮೈ ಸುಕ್ಕಾಗತೈತಿ, ಹೆದರಬ್ಯಾಡ. ಹಳೇ ಎಲಿ ತನ್ನ ನೀರು ಒಳಗಿನ ಎಳೇ ಎಲಿಗೆ ಕುಡಿಸಿ ತಾನು ಒಣಗತೈತಿ."

ಮೋಟೆಬೆನ್ನೂರು ದಾಟುವವರೆಗೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಡಬ್ಬಿಯನ್ನು ಎದೆಗವಚಿಕೊಂಡು ನಿಂತೇ ಬಂದೆ. ಇಡೀ ಕಾಲೇಜಿನಲ್ಲಿ ನನ್ನನ್ನೇ ಆರಿಸಿದರಲ್ಲ ಎಂಬ ಹೆಮ್ಮೆ. ಮನೆಗೆ ಬಂದು ಕಿಟಕಿಯಲ್ಲಿಟ್ಟು ಅವ್ವನಿಗೆ ಹೇಳಿದೆ, ಇದನ್ನು ಮುಟ್ಟಬೇಡ. ಯಾಕೆ ಎಂದಳು. ನಿನಗೆ ತಿಳಿಯುವುದಿಲ್ಲ ಬಿಡು ಎಂದೆ.

ಆ ಮಾತು ಈಗಲೂ ನನಗೆ ಚುಚ್ಚುತ್ತದೆ.

ಹತ್ತು ದಿನದಲ್ಲಿ ಹಿಂದಿನ ಸೆಮಿಸ್ಟರಿನ ಫಲಿತಾಂಶ ಬಂತು. ರಸಾಯನಶಾಸ್ತ್ರದಲ್ಲಿ ಫೇಲು. ದೊಡ್ಡಪ್ಪ ಬೈಯಲಿಲ್ಲ, ಅದೇ ಕಷ್ಟವಾಯಿತು. ಅವರಿಗೆ ಗೊತ್ತಿದ್ದ ಶೀತಲಗೃಹದಲ್ಲಿ ಚೀಲಗಳ ಲೆಕ್ಕ ಬರೆಯಲು ಒಬ್ಬ ಹುಡುಗಿ ಬೇಕಿತ್ತು, ಮಾತಾಡಿ ಬಂದೇ ಬಿಟ್ಟರು. ಮುಂದಿನ ತಿಂಗಳ ಮೊದಲಿನಿಂದ ಬಾ ಎಂದಿದ್ದರಂತೆ. ಕಾಲೇಜಿಗೆ ಹೋಗುವುದು ಬಿಟ್ಟು ಅವ್ವನ ಜತೆ ಗೋದಾಮಿಗೆ ಹೋಗಿ ಕೂತೆ. ಹೇಗೂ ಹಂಗಾಮು. ಪೇಟೆಯ ತುಂಬ ಕೆಂಪು ರಾಶಿ, ಊರಿನ ತುಂಬ ಘಾಟು. ಗಿಡದ ಕಡೆ ನೋಡಲು ಮನಸ್ಸಾಗಲಿಲ್ಲ.

ಒಂದು ಮುಂಜಾನೆ ಕಿಟಕಿಯಿಂದ ಕೊಳೆತ ಟೊಮೆಟೊ ವಾಸನೆ. ಹೋಗಿ ನೋಡಿದರೆ ಎರಡರಲ್ಲಿ ಒಂದು ಗಿಡ ಬುಡದವರೆಗೆ ಕರಗಿ ಲೋಳೆಯಾಗಿತ್ತು. ಇನ್ನೊಂದರ ಸುತ್ತ ಮರಳು ಒದ್ದೆ. ಅವ್ವನನ್ನು ಕೇಳಿದೆ. ದಿನಾ ಸಂಜೆ ಬೊಗಸೆ ನೀರು ಚಿಮುಕಿಸುತ್ತಿದ್ದೆ ಎಂದಳು. ಅವಳಿಗೆ ಗೊತ್ತಿದ್ದದ್ದು ಅದೇ. ಒಣಗಿ ಗರಿಗರಿಯಾದ ಕಾಯಿಯ ತೊಟ್ಟು ಹಾಗೇ ಎಳೆದರೆ ಕಾಯಿ ಒಡೆದು ಬೀಜ ಚೆಲ್ಲುತ್ತದೆ. ಅದಕ್ಕೆ ಹಿಂದಿನ ಸಂಜೆ ಮೇಲೆ ತುಸು ನೀರು ಚಿಮುಕಿಸಿ ಗೋಣಿತಟ್ಟು ಮುಚ್ಚಿಡುತ್ತಾರೆ. ಬೆಳಗಾಗುವುದರೊಳಗೆ ಕಾಯಿ ಮೆತ್ತಗಾಗಿ, ಹೇಳಿದಂತೆ ಕೇಳುತ್ತದೆ. ಸುಕ್ಕಾಗಿ ಬಾಡಿದ್ದು ಕಣ್ಣಿಗೆ ಬಿದ್ದರೆ ಅವಳ ಕೈ ತಾನಾಗಿ ನೀರಿಗೆ ಹೋಗುತ್ತದೆ. ಮಗಳು ಅಳುತ್ತ ಕೂತಿದ್ದಾಳೆ, ಅವಳ ಗಿಡವನ್ನಾದರೂ ನೋಡಿಕೊಳ್ಳೋಣ ಎಂದು ನೋಡಿಕೊಂಡಿದ್ದಳು.

ನಾನು ಆಡಬಾರದ್ದನ್ನು ಆಡಿದೆ. ನಿಮ್ಮಂಥವರ ಮನೆಯಲ್ಲಿ ಹುಟ್ಟಿದ್ದೇ ತಪ್ಪು ಎಂದೆ. ಅವ್ವ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು.

ಚಾಚಾ ಫೋನು ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಮೊಬೈಲನ್ನು ಹಾಸಿಗೆಯ ಕೆಳಗೆ ಸರಿಸಿದೆ. ಗಿಡ ಸತ್ತಿತೆಂದು ಯಾವ ಮುಖದಿಂದ ಹೇಳುವುದು? ಒಳಗೊಳಗೆ ಇನ್ನೊಂದು ಇತ್ತು, ಈಗ ಬರೆಯಬಹುದು. ಕಾಲೇಜಿಗೆ ಹೋಗದಿರಲು ನನಗೊಂದು ಕಾರಣ ಬೇಕಿತ್ತು. ಫೇಲಾದೆ ಎನ್ನುವುದಕ್ಕಿಂತ ಗಿಡ ಕೊಂದೆ ಎನ್ನುವುದು ನನಗೆ ಅನುಕೂಲವಾಗಿತ್ತು.

ನಾನು ಕಾಲೇಜು ಬಿಟ್ಟ ಎಂಟನೆಯ ದಿನ, ಊಟದ ಹೊತ್ತಿಗೆ ನಾನೂ ಅವ್ವನೂ ಮನೆಗೆ ಬಂದಾಗ ಕಟ್ಟೆಯ ಮೇಲೆ ಚಾಚಾ ಕೂತಿದ್ದರು. ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ಅಗಲವಾದ ಕಪ್ಪು ಕನ್ನಡಕ. ಘಾಟಿಗೆ ಒಂದೇ ಸಮ ಸೀನುತ್ತಿದ್ದರು. ಯಾರು, ಏನು ಎಂದು ಕೇಳುವ ಮೊದಲೇ ಅವ್ವ ಗಾಬರಿಯಾದಳು. "ಮೂಗು ಗಟ್ಟಿ ಹಿಡೀರಿ ಅಣ್ಣಾರ. ಆಪರೇಷನ್ ಕಣ್ಣು, ಮತ್ತೊಂದು ಆದೀತು." ಬಟ್ಟೆಯ ತುಂಡೊಂದನ್ನು ಒದ್ದೆ ಮಾಡಿ ಕೊಟ್ಟಳು. ಚಾಚಾ ಅದನ್ನು ಮೂಗಿಗೆ ಹಿಡಿದುಕೊಂಡೇ ಒಳಗೆ ಬಂದು, ನೇರ ಕಿಟಕಿಯ ಹತ್ತಿರ ಹೋಗಿ, ಕನ್ನಡಕ ತುಸು ಎತ್ತಿ ನೋಡಿದರು.

ನಾನು ಬಾಗಿಲಿಗೆ ಆತು ನಿಂತಿದ್ದೆ. ಮಾತಾಡಿದವಳು ಅವ್ವ. "ನಾನ ನೀರು ಹಾಕೇನ್ರಿ. ಸುಕ್ಕಾಗಿತ್ತು, ಕಾಯಿಗೆ ಚಿಮುಕಿಸಿದಂಗ ಚಿಮುಕಿಸಿದೆ. ಹುಡುಗೀದೇನೂ ಇಲ್ಲ ಇದರಾಗ."

ಚಾಚಾ ಕನ್ನಡಕ ಇಳಿಸಿ ಕೇಳಿದರು. "ತಂಗಿ, ಸುಕ್ಕು ಇರದ ಕಾಯಿ ನಿಮ್ಮ ಪೇಟ್ಯಾಗ ತಂದ್ರ ಬ್ಯಾಡಗಿ ಅಂತಾರೇನು?"

"ಇಲ್ರಿ. ಸುಕ್ಕ ಇದ್ರನ ಬ್ಯಾಡಗಿ."

"ಇದೂ ಹಂಗ ನೋಡವಾ. ಸುಕ್ಕಾದ್ರ ಆರಾಮ ಐತಿ ಅಂತ ತಿಳೀಬೇಕು. ಒಳಗ ಕೂಸು ಬೆಳಿಯಾಕತ್ತೈತಿ. ಹಳೇ ಎಲಿ ಅದಕ್ಕ ಕುಡಿಸಿ ಕುಡಿಸಿ ಸೊರಗತೈತಿ. ನಡುವ ನಾವು ನೀರು ಹಾಕಿದ್ರ ಎರಡೂ ಕೊಳೀತಾವು."

ಅವ್ವ ಕುಂಡದ ಮೇಲೆ ಬಗ್ಗಿ ನೋಡಿದಳು. "ಅಂದ್ರ ಬಾಣಂತಿ ಇದ್ದಂಗ."

"ಬಾಣಂತೀನ. ಆದ್ರ ನೀರು ಕೊಡಂಗಿಲ್ಲ."

"ನಮಗರೆ ಎಲ್ಲಿ ಕೊಡತಿದ್ರು ಬಿಡ್ರಿ. ಈಕಿ ಹುಟ್ಟಿದಾಗ ನಮ್ಮತ್ತಿ ನನಗ ಹನ್ನೊಂದ ದಿನ ಒಂದು ಗುಟುಕು ತಣ್ಣೀರು ಕುಡಸಲಿಲ್ಲ," ಎಂದಳು ಅವ್ವ. ಇಬ್ಬರೂ ನಕ್ಕರು. ಆ ಮನೆಯಲ್ಲಿ ಎರಡು ವಾರದಿಂದ ಯಾರೂ ನಕ್ಕಿರಲಿಲ್ಲ.

ಕೊಳೆತದ್ದನ್ನು ಕೂಡಲೇ ತೆಗೆಯಬೇಕಿತ್ತು, ಇಲ್ಲದಿದ್ದರೆ ಕೊಳೆತ ಪಕ್ಕದ್ದಕ್ಕೂ ಹಬ್ಬುತ್ತದೆ. ಎರಡರ ಬೇರು ಕೂದಲಿನ ಹಾಗೆ ಹೆಣೆದುಕೊಂಡಿದ್ದವು. ಚಾಚಾನ ಕಣ್ಣಿಗೆ ಅಷ್ಟು ಸೂಕ್ಷ್ಮ ಕಾಣುತ್ತಿರಲಿಲ್ಲ. ನಾನು ಕೈ ಹಾಕಿದೆ, ಎಳೆದರೆ ಎರಡೂ ಒಟ್ಟಿಗೆ ಎದ್ದು ಬರುವಂತಿತ್ತು. ಅವ್ವ ನನ್ನನ್ನು ಸರಿಸಿ, ಕೈಯನ್ನು ಬೂದಿಯಲ್ಲಿ ಉಜ್ಜಿ ತೊಳೆದು ಒರೆಸಿಕೊಂಡು ಬಂದು ಕೂತಳು. ಹೆಬ್ಬೆರಳು ತೋರುಬೆರಳಿನ ನಡುವೆ ಕೊಳೆತದ್ದರ ಬುಡ ಹಿಡಿದು, ತೊಟ್ಟು ಬಿಡಿಸುವಾಗ ಕೊಡುವ ಅದೇ ಸಣ್ಣ ತಿರುವು ಕೊಟ್ಟಳು. ಅದು ಬೇರು ಸಮೇತ ಮೆಲ್ಲಗೆ ಹೊರಗೆ ಬಂತು. ಪಕ್ಕದ್ದು ಅಲುಗಲಿಲ್ಲ. ಚಾಚಾ ಬಗ್ಗಿ ನೋಡಿ, ತಮ್ಮ ಕೆಂಪು ಬೆರಳನ್ನು ಅವ್ವನ ಕೆಂಪು ಬೆರಳಿನ ಪಕ್ಕಕ್ಕೆ ತಂದು, ನಮ್ಮ ಲ್ಯಾಬಿಗೆ ನಿಮ್ಮಂಥವರು ಬೇಕಿತ್ತು ತಂಗಿ ಎಂದರು.

ಆಮೇಲೆ ನನ್ನ ಕಡೆ ತಿರುಗಿದರು. "ಅವ್ವಗ ಯಾಕ ಹೇಳಲಿಲ್ಲ?"

ಮುಟ್ಟಬೇಡ ಎಂದು ಹೇಳಿದ್ದೆ ಎಂದೆ.

"ಮುಟ್ಟಬ್ಯಾಡ ಅಂದಿ. ಯಾಕ ಅಂತ ಹೇಳಿದೇನು? ಆಕಿ ತನ್ನ ಕೆಲಸ ಬರೋಬ್ಬರಿ ಮಾಡ್ಯಾಳ. ನೀ ನಿನ್ನ ಕೆಲಸ ಮಾಡಿಲ್ಲ. ಕಲಿತದ್ದು ಮನ್ಯಾಗ ಹೇಳಾಕ ಬರಲಿಲ್ಲಂದ್ರ ನಿನ್ನ ಬಸ್ ಪಾಸು ದಂಡ."

ಅವ್ವ ಚಹಾಕ್ಕೆ ಇಟ್ಟಳು. ಆ ಚಹಾ ಕುದಿಯುವ ಹೊತ್ತಿನಲ್ಲಿ ಚಾಚಾ, ಕಾಲೇಜಿನಲ್ಲಿ ಯಾರಿಗೂ ಹೇಳದ ಒಂದು ಸಂಗತಿಯನ್ನು ನಮಗೆ ಹೇಳಿದರು. ಅವರೂ ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದವರು. ಅದೇ ಕಿಟಕಿಯ ಪಕ್ಕದ ಬೆಂಚು. ಒಂದು ಪೇಪರು ಹೋಯಿತು. ಅಧ್ಯಾಪಕರಿಗೆ ಮುಖ ತೋರಿಸುವುದು ಹೇಗೆಂದು ಹಲಗೇರಿಯ ಅತ್ತೆಯ ಮನೆಗೆ ಹೋಗಿ ಕೂತರು. ಅಲ್ಲಿ ಗಾದಿ ಹೊಲಿಯುವ ಅಂಗಡಿ. ಹೊಲಿಯುತ್ತ ಆರು ವರ್ಷ ಹೋದವು. ಕೊನೆಗೆ ಅಟೆಂಡರು ಕೆಲಸ ಖಾಲಿ ಇದೆಯೆಂದು ತಿಳಿದು, ಅದೇ ಕೋಣೆಗೆ ಮರಳಿದರು.

"ಒಂದ ದಿನ ಮಾಸ್ತರ ಮುಂದ ನಿಂದರಾಕ ನಾಚಿಕಿ ಬಂತು," ಎಂದರು. "ಆಮ್ಯಾಲ ಅದ ಮಾಸ್ತರಿಗೆ ರಿಟೈರ್ ಆಗೂತನಕ ಚಹಾ ತಂದುಕೊಟ್ಟೆ. ಅವರು ಒಮ್ಮೆನೂ ಏನೂ ಕೇಳಲಿಲ್ಲ. ನಂದೂ ಕೆಮಿಸ್ಟ್ರೀನ, ಬೇಟಿ."

ಹೊಗೆಯಿಂದಲೋ ಏನೋ ಅವ್ವ ಕಣ್ಣು ಒರೆಸಿಕೊಂಡಳು. ಚಾಚಾ ಚಹಾ ಮುಗಿಸಿ ಎದ್ದು, ಗಿಡ ಸತ್ತರೆ ಸತ್ತಿತು, ಬುಧವಾರ ಕೆಮಿಸ್ಟ್ರಿ ಪ್ರಾಕ್ಟಿಕಲ್ ಇದೆ ಎಂದಷ್ಟೇ ಹೇಳಿ, ಸೀನುತ್ತ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅವ್ವ ಆ ಸಂಜೆಯೇ ದೊಡ್ಡಪ್ಪನ ಮನೆಗೆ ಹೋಗಿ ಬಂದಳು. ಏನು ಹೇಳಿದಳೋ ನನಗೆ ಗೊತ್ತಿಲ್ಲ. ಶೀತಲಗೃಹದ ಮಾತು ಮತ್ತೆ ಏಳಲಿಲ್ಲ. ಬುಧವಾರ ನನ್ನ ಬುತ್ತಿ ನನಗಿಂತ ಮೊದಲೇ ಬಾಗಿಲಲ್ಲಿತ್ತು.

ಅಂದಿನಿಂದ ಕಲಿತದ್ದನ್ನು ರಾತ್ರಿ ಊಟದ ಹೊತ್ತಿಗೆ ಅವ್ವನಿಗೆ ಹೇಳಬೇಕು ಎಂಬುದು ಚಾಚಾನ ಕರಾರು. ಆಮ್ಲ, ಪ್ರತ್ಯಾಮ್ಲವನ್ನು ಹುಣಸೆಹಣ್ಣು, ಸುಣ್ಣದಲ್ಲಿ ಹೇಳಿದೆ. ಅವ್ವನಿಗೆ ತಿಳಿಯದಿದ್ದರೆ ನನಗೂ ತಿಳಿದಿಲ್ಲ ಎಂದು ಅರ್ಥ. ಹಾಗೆ ಹೇಳಿ ಹೇಳಿಯೇ ಆ ಪೇಪರು ಪಾಸಾದೆ.

ಉಳಿದ ಗಿಡ ಏಪ್ರಿಲ್ ಹೊತ್ತಿಗೆ ಹಳೆಯ ಎಲೆಗಳನ್ನು ಕಾಗದದ ಹಾಗೆ ಕಳಚಿ, ಒಳಗಿನಿಂದ ಹೊಸ ಜೋಡಿ ತೋರಿಸಿತು. ಆ ವರ್ಷವೇ ಚಾಚಾ ನಿವೃತ್ತರಾದರು. ಕಿಟಕಿ ಕಾಲೇಜಿನದು, ಗಿಡ ತಮ್ಮದು ಎಂದು, ನಾನು ಲ್ಯಾಬಿಗೆ ಮರಳಿಸಿದ್ದ ಕುಂಡವನ್ನು ತಮ್ಮ ಮನೆಗೆ ಒಯ್ದರು. ಅದಕ್ಕಾಗಿ ಮನೆಯ ಮಾಡಿನ ಒಂದು ಹೆಂಚು ತೆಗೆಸಿ ಗಾಜಿನ ಹೆಂಚು ಹಾಕಿಸಿದರು. ಅದರಿಂದ ಬಿಸಿಲಿನ ಒಂದು ಚೌಕ ನೆಲಕ್ಕೆ ಬೀಳುತ್ತಿತ್ತು. ಚೌಕ ಸರಿದಂತೆ ಕುಂಡವನ್ನು ಅದರ ಹಿಂದೆ ಸರಿಸುವುದು ಅವರ ಹೊಸ ನೌಕರಿ. ಮೊದಲು ಬಾಗಿಲ ಬಳಿ, ಆಮೇಲೆ ಮಂಚದ ಪಕ್ಕ, ಸಂಜೆಗೆ ನೀರಿನ ಕೊಡದ ಹತ್ತಿರ. ನಲವತ್ತು ವರ್ಷ ಕತ್ತಲಲ್ಲಿ ಅಡಿಗೆ ಮಾಡಿದೆ, ನನಗೆ ಒಂದು ಹೆಂಚು ತೆಗೆಸಲಿಲ್ಲ, ಈ ಕಲ್ಲಿಗೆ ತೆಗೆಸಿದರು ಎಂದು ಅವರ ಹೆಂಡತಿ, ನಮ್ಮ ಚಾಚಿ, ಬಂದವರ ಮುಂದೆಲ್ಲ ದೂರುತ್ತಿದ್ದರು. ದೂರುತ್ತಲೇ, ಚಾಚಾ ನಮಾಜಿಗೆ ಹೋದಾಗ ಕುಂಡವನ್ನು ಸರಿಸುತ್ತಿದ್ದವರು ಅವರೇ.

ದಸರೆ ಕಳೆದ ಮೇಲೆ ಸಂದಿನಿಂದ ಒಂದು ಮೊಗ್ಗು ಬಂತು. ಮಧ್ಯಾಹ್ನ ಅರಳಿ ಸಂಜೆಗೆ ಮುಚ್ಚುವ ಬಿಳಿ ಹೂವು, ಗಿಡಕ್ಕಿಂತ ದೊಡ್ಡದು. ನನ್ನನ್ನು ಕರೆಸಿ ತೋರಿಸಿದರು. ಬೀಜ ಆಗುತ್ತದೆಯೇ ಎಂದೆ. ಈ ಜಾತಿಗೆ ಇನ್ನೊಂದು ಗಿಡದ ಪರಾಗ ಬೇಕು, ಒಂಟಿಗೆ ಬೀಜ ಕಟ್ಟುವುದಿಲ್ಲ ಎಂದರು. ಹೇಳಿದ ಕೂಡಲೇ, ಹೇಳಬಾರದಿತ್ತು ಎಂಬಂತೆ ಡ್ರಾಪರನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೆ ಹಾಕಿದರು. ಅವ್ವನ ಹೆಸರು ಎತ್ತಲಿಲ್ಲ. ಮನೆಗೆ ಬಂದು ನಾನು ಅವ್ವನಿಗೆ ಹೇಳಿದೆ, ಕಲಿತದ್ದನ್ನು ಹೇಳುವ ಕರಾರು ಇತ್ತಲ್ಲ. ಅವಳು ತುತ್ತು ಕೈಯಲ್ಲೇ ಹಿಡಿದು ಕೂತಳು.

ಕೊನೆಯ ಸೆಮಿಸ್ಟರಿನ ಅಂಕಪಟ್ಟಿಯನ್ನು ಕಂಪ್ಯೂಟರಿನವನ ಹತ್ತಿರ ಪ್ರಿಂಟ್ ತೆಗೆಸಿ ಒಯ್ದಾಗ, ಚಾಚಾ ಅದನ್ನು ಬಿಸಿಲಿನ ಚೌಕದಲ್ಲಿ ಹಿಡಿದು, ಭೂತಗನ್ನಡಿಯಿಂದ ಒಂದೊಂದು ವಿಷಯವನ್ನೂ ಗಟ್ಟಿಯಾಗಿ ಓದಿದರು. ಕೆಮಿಸ್ಟ್ರಿಯನ್ನು ಎರಡು ಸಲ ಓದಿದರು. ಆ ಮಳೆಗಾಲದಲ್ಲಿ ನಾನು ರಾಣೆಬೆನ್ನೂರಿನ ಬೀಜ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದೆ. ಒದ್ದೆ ಕಾಗದದ ಮೇಲೆ ಬೀಜ ಹರಡಿ, ಎಷ್ಟು ಮೊಳೆತವು ಎಂದು ನೋಡುವ ಕೆಲಸ. ಅಲ್ಲಿದ್ದಾಗಲೇ ಫೋನು ಬಂತು. ಮಧ್ಯಾಹ್ನ ಕುಂಡ ಸರಿಸಿ, ಮಂಚದ ಮೇಲೆ ಒರಗಿದವರು ಏಳಲಿಲ್ಲವಂತೆ.

ಪದವಿ ಪ್ರಮಾಣಪತ್ರ ಬಂದದ್ದು ಮರುವರ್ಷ. ಕಾಲೇಜಿನ ಕಿಂಡಿಯಲ್ಲಿ ಗುಮಾಸ್ತರು ಸಹಿ ಹಾಕಿಸಿಕೊಂಡು, ಕವರಿನಲ್ಲಿ ಹಾಕಿ ಕೊಟ್ಟರು. ದೊಡ್ಡಪ್ಪ ಅದನ್ನು ಮೂರು ಸಲ ಓದಿ, ಇದರಲ್ಲಿ ನಿನ್ನ ಫೋಟೋ ಇಲ್ಲವಲ್ಲ, ಜನ ನಂಬುವುದು ಹೇಗೆ ಎಂದು ಕೇಳಿದರು. ಆಮೇಲೆ ಅವರೇ ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಪೇಟೆಗೆ ಹೋದರು. ಅವ್ವ ಮಾತ್ರ, ಭಾನುವಾರ ಹಾವೇರಿಗೆ ಹೋಗೋಣ, ಅದನ್ನೂ ತಗೋ ಎಂದಳು.

ಚಾಚಿ ನಮ್ಮನ್ನು ಕೂರಿಸಿ ನೀರು ಕೊಟ್ಟರು. ಗಾಜಿನ ಹೆಂಚಿನ ಬಿಸಿಲು ಮಂಚದ ಪಕ್ಕಕ್ಕೆ ಬಂದಿತ್ತು, ಕುಂಡವೂ ಅಲ್ಲಿಗೆ ಬಂದಿತ್ತು. ಗಿಡ ಸುಕ್ಕಾಗಿತ್ತು, ಅದರ ಉಪವಾಸದ ಕಾಲ. ಅವ್ವ ನನ್ನ ಕೈಯಿಂದ ಕವರು ತೆಗೆದುಕೊಂಡು, ಸೆರಗಿನಲ್ಲಿ ಬೆರಳು ಒರೆಸಿ, ಪ್ರಮಾಣಪತ್ರವನ್ನು ಹೊರತೆಗೆದು ಎರಡೂ ಕೈಯಿಂದ ಚಾಚಿಯ ಮಡಿಲಲ್ಲಿ ಇಟ್ಟಳು.

"ಅಣ್ಣಾರ ಗಿಡಾ ಒಂದು ನನ್ನ ಕೈಯಾಗ ಹೋತ್ರಿ, ಅಕ್ಕಾರ. ಅದರ ಜಾಗಾಕ ಇದು. ಒಂದು ವಾರ ಇಲ್ಲೇ ಬಿಸಲಾಗ ಇರಲಿ. ನೀರು ಮಾತ್ರ ತಾಗಸಬ್ಯಾಡ್ರಿ."